ಸಾಲ ತೀರಿಸುತ್ತೇವೆ ಅಂದವರಿಗೆ ಊರಿನ ಬ್ಯಾಂಕಿನ ಸಾಲ ಯಾಕೆ ಬೇಡ?

ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಉದ್ದ ಆದರೆ ಬೇಜಾರು ಮಾಡ್ಕೋಬೇಡಿ.

ಇಲ್ಲಿ ಅಮೆರಿಕದಲ್ಲಿ ನಮ್ಮ ಕಂಪನಿಯಲ್ಲಿ ಹೊಸ ಸವಲತ್ತು ಶುರುವಾಗಿದೆ. ಓದಿಗೆ ಸಾಲ ಮಾಡಿದವರ ಪರವಾಗಿ ಕಂಪನಿಯೇ ವರ್ಷಕ್ಕೆ 5,250 ಡಾಲರ್‌ವರೆಗೆ ಕಟ್ಟುತ್ತದೆ. ಆ ದುಡ್ಡಿಗೆ ಫೆಡರಲ್, ಅಂದ್ರೆ ಇಲ್ಲಿನ ಕೇಂದ್ರ ಸರ್ಕಾರದ, ಆದಾಯ ತೆರಿಗೆ ಇಲ್ಲ. ನಾನು ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದಲ್ಲಿ ಇರೋದು ನಿಮಗೆಲ್ಲ ಗೊತ್ತೇ ಇದೆ. ಅಷ್ಟೇ ದುಡ್ಡನ್ನು ಸಂಬಳದಲ್ಲಿ ಸೇರಿಸಿ ಕೊಟ್ಟರೆ ಕೈಗೆ ಎಷ್ಟು ಉಳಿಯುತ್ತೆ ಅನ್ನೋದನ್ನ ದಿನಾ ನೋಡುವವಳು ನಾನು. ಸುದ್ದಿ ಬಂದಾಗ ನಿಜಕ್ಕೂ ಖುಷಿಯಾಗಿತ್ತು.

ನಿನ್ನೆ ಮಧ್ಯಾಹ್ನ ಪಕ್ಕದ ಟೀಮಿನ, ಊರಿನ ಬ್ಯಾಂಕಿನ ಸಾಲದಲ್ಲಿ ಓದಿದ ದಾವಣಗೆರೆ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಅಕ್ಕ, ನನ್ನ ಬ್ಯಾಂಕೇ ಇದ್ರಲ್ಲಿ ಬರ್ತಿಲ್ಲ ನೋಡಿ" ಅಂದಳು. ನೋಡಿದೆ. ಸವಲತ್ತಿನ ಅರ್ಜಿಯಲ್ಲಿ ಸಾಲ ಕೊಟ್ಟವರು ಯಾರು ಅಂತ ಒಂದು ಕಾಲಂ. ಅಲ್ಲಿ ನಾವು ಬರೆಯೋ ಹಾಗಿಲ್ಲ, ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಇರೋದೆಲ್ಲ ಅಮೆರಿಕದ ಸಂಸ್ಥೆಗಳೇ. "ಇತರೆ" ಅನ್ನೋದೂ ಇಲ್ಲ. ಬ್ಯಾಂಕಿನ ಹೆಸರಿನ ಮೊದಲ ನಾಲ್ಕಕ್ಷರ ಹೊಡೆದ ಕೂಡಲೇ ಪಟ್ಟಿ ಖಾಲಿ. ಈ ಸವಲತ್ತು ನೋಡಿಕೊಳ್ಳುವ ಹೊರಗಿನ ಏಜೆನ್ಸಿಗೆ ಫೋನ್ ಮಾಡಿದರೆ, ಇಲ್ಲಿನ ಬ್ಯಾಂಕಿನಲ್ಲಿ ಹೊಸ ಸಾಲ ತೆಗೆದು ಊರಿನ ಸಾಲ ತೀರಿಸಿಬಿಡಿ ಅಂತ ಸಲಹೆ. ಕೆಲಸಕ್ಕೆ ಸೇರಿ ವರ್ಷವಷ್ಟೇ ಆದ, ಇಲ್ಲಿ ಕ್ರೆಡಿಟ್ ಹಿಸ್ಟರಿ (ಹಿಂದೆ ಸಾಲ ತೀರಿಸಿದ ದಾಖಲೆ) ಇಲ್ಲದ, ವೀಸಾ ಮೇಲಿರುವ ಹುಡುಗಿಗೆ ಯಾರು ಕೊಡ್ತಾರೆ ಅಷ್ಟು ದೊಡ್ಡ ಸಾಲ?

ಈಗ ಕಾನೂನು ಏನು ಹೇಳುತ್ತೆ ಕೇಳಿ. ಇದು ಅಮೆರಿಕದ ತೆರಿಗೆ ಕಾನೂನಿನ ಸೆಕ್ಷನ್ 127. ಮೊದಲು ಇದರಲ್ಲಿ ಕೆಲಸದಲ್ಲಿದ್ದುಕೊಂಡು ಓದುವವರ ಫೀಸು, ಪುಸ್ತಕದಂಥ ಖರ್ಚು ಮಾತ್ರ ಕೊಡಬಹುದಿತ್ತು. 2020ರಲ್ಲಿ ಕೋವಿಡ್ ಸಮಯದ ಕೇರ್ಸ್ ಕಾಯ್ದೆ ಬಂದಾಗ ಹಳೇ ಸಾಲದ ಕಂತನ್ನೂ ಸೇರಿಸಿದರು. ಆಮೇಲೆ 2025ರ ಕೊನೆವರೆಗೆ ವಿಸ್ತರಿಸಿದರು, 2025ರ ಜುಲೈನಲ್ಲಿ ಖಾಯಂ ಮಾಡಿದರು. ಸಾಲ ನೌಕರರು ತಮ್ಮ ಓದಿಗೆ ತಾವೇ ಮಾಡಿದ್ದಾಗಿರಬೇಕು. ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿನ ಯೋಜನೆಗಳಲ್ಲಿ ಸೇರಲು ಅರ್ಹತೆ ಇರುವ ಕಾಲೇಜಲ್ಲಿ ಓದಿರಬೇಕು. ದುಡ್ಡು ಓದಿಗೇ ಖರ್ಚಾಗಿರಬೇಕು. ನೆಂಟರಿಂದ ತಂದ ಸಾಲ ಆಗಲ್ಲ. ಸಾಲ ಅಮೆರಿಕದ ಬ್ಯಾಂಕಿನದ್ದೇ ಆಗಿರಬೇಕು ಅನ್ನೋ ಷರತ್ತು ಮಾತ್ರ ಎಲ್ಲೂ ಇಲ್ಲ. ಇನ್ನೂ ಮುಖ್ಯ ಅಂದ್ರೆ, ಕಂಪನಿ ದುಡ್ಡನ್ನು ಸಾಲ ಕೊಟ್ಟವರಿಗಾದರೂ ಕಟ್ಟಬಹುದು, ನೌಕರರ ಕೈಗಾದರೂ ಕೊಡಬಹುದು ಅಂತ ಕಾನೂನಿನಲ್ಲೇ ಬರೆದಿದೆ. ಅಂದ್ರೆ ಆ ಹುಡುಗಿ ದಾವಣಗೆರೆಗೆ ಕಂತು ಕಟ್ಟಿ, ಸ್ಟೇಟ್‌ಮೆಂಟ್ ತೋರಿಸಿ, ಸಂಬಳದ ಜೊತೆ ವಾಪಸ್ ತಗೋಬಹುದಿತ್ತು. ಅವಳನ್ನು ಹೊರಗಿಟ್ಟಿದ್ದು ಕಾನೂನಲ್ಲ, ಯೋಜನೆ ಮಾಡಿದವರು ಇಟ್ಟ ಆ ಒಂದು ಪಟ್ಟಿ.

ಎಚ್‌ಆರ್‌ನವರನ್ನು ಕೇಳಿದೆ. ಹೊರದೇಶದ ಬ್ಯಾಂಕಿನ ಕಾಗದ ಪರಿಶೀಲಿಸೋದು ಕಷ್ಟ, ರೂಪಾಯಿ ಲೆಕ್ಕ ಬೇರೆ, ಆಡಿಟ್‌ಗೆ ಉತ್ತರ ಹೇಳೋರು ಯಾರು ಅಂದರು. ಬೆಂಗಳೂರು ಆಫೀಸಿಗೆ ಹೋಗಿಬರುವ ಮ್ಯಾನೇಜರುಗಳ ಹೋಟೆಲ್ ಬಿಲ್ಲು, ಟ್ಯಾಕ್ಸಿ ಬಿಲ್ಲು ಎಲ್ಲ ರೂಪಾಯಿಯಲ್ಲೇ ಬರುತ್ತೆ. ಅದನ್ನು ಡಾಲರಿಗೆ ತಿರುಗಿಸಿ ಪಾಸ್ ಮಾಡೋದು ನಮ್ಮದೇ ವಿಭಾಗ. ನಮ್ಮ ಬ್ಯಾಂಕುಗಳು ಸಾಲ ಮಂಜೂರಾದ ಪತ್ರ, ಬಡ್ಡಿ ಸರ್ಟಿಫಿಕೇಟು, ಸ್ಟೇಟ್‌ಮೆಂಟು ಎಲ್ಲವನ್ನೂ ಇಂಗ್ಲಿಷಿನಲ್ಲೇ ಕೊಡುತ್ತವೆ. ಕಷ್ಟ ಎಲ್ಲಿದೆ?

ಇನ್ನೊಬ್ಬರು, ಸಾಲವೇ ಮಾಡದವರಿಗೆ, ಕಷ್ಟಪಟ್ಟು ಆಗಲೇ ತೀರಿಸಿದವರಿಗೆ ಇದು ಅನ್ಯಾಯ ಅಲ್ವಾ ಅಂದರು. ಮಕ್ಕಳಿಲ್ಲದವರು ಡೇಕೇರ್ ಸವಲತ್ತಿನ ಬಗ್ಗೆ ಹೀಗೆ ಕೇಳಿದ್ದನ್ನು ನಾನು ನೋಡಿಲ್ಲ. ಸಾಲ ಇಲ್ಲದವರು ಈಗ ಓದಬೇಕು ಅಂದ್ರೆ ಅದೇ 5,250 ಡಾಲರ್ ಮಿತಿಯಲ್ಲಿ ಅವರ ಫೀಸು ಕಟ್ಟೋದಕ್ಕೂ ಅವಕಾಶ ಇದೆ. ಈ ಮಾತು ಇಲ್ಲಿಗೆ ಸಾಕು.

ನನಗೆ ಹೊಟ್ಟೆ ಉರಿದದ್ದು ಇನ್ನೊಂದು ಷರತ್ತು ಓದಿದಾಗ. ಕೆಲಸಕ್ಕೆ ಸೇರಿ ಒಂದು ವರ್ಷ ಆದ ಮೇಲೆ ಸವಲತ್ತು ಶುರು. ದುಡ್ಡು ಪಡೆದ ಮೇಲೆ ಎರಡು ವರ್ಷ ಇರಲೇಬೇಕು, ಯಾವ ಕಾರಣಕ್ಕೆ ಬಿಟ್ಟರೂ ವಾಪಸ್ ಕಟ್ಟಬೇಕು. ಇಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಓದಿದ ವಿದ್ಯಾರ್ಥಿಗೆ ಓಪಿಟಿ (ವಿದ್ಯಾರ್ಥಿ ವೀಸಾದಲ್ಲೇ ಓದಿದ ಮೇಲೆ ಸಿಗುವ ಕೆಲಸದ ಅನುಮತಿ) ಮೇಲೆ ಕೆಲಸ ಮಾಡೋಕೆ ಸಿಗೋದು 12 ತಿಂಗಳು, ಆಮೇಲೆ 24 ತಿಂಗಳ ವಿಸ್ತರಣೆ. ಒಟ್ಟು ಮೂರು ವರ್ಷ. ಓದು ಮುಗಿದ ದಿನವೇ ಕೆಲಸ ಸಿಕ್ಕಿದರೂ ಲೆಕ್ಕ ಅಲ್ಲಿಗಲ್ಲಿಗೆ. ಅಷ್ಟರಲ್ಲಿ ಎಚ್‌1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರದಿದ್ದರೆ ಊರಿಗೆ ಹೊರಡಬೇಕು. ಹೊರಡುವಾಗ ಕಂಪನಿ ಕಟ್ಟಿದ ಕಂತನ್ನೂ ವಾಪಸ್ ಇಟ್ಟು ಹೋಗಬೇಕಾ? ತಾನಾಗಿ ಬೇರೆ ಕೆಲಸ ಹುಡುಕಿ ಹೋದವರಿಂದ ಕೇಳಿ, ಒಪ್ಪುತ್ತೇನೆ. ವೀಸಾ ಸಿಗದೆ ಹೋದವರಿಂದ, ನೀವೇ ಕೆಲಸದಿಂದ ತೆಗೆದವರಿಂದ ಕೇಳೋದು ಯಾವ ನ್ಯಾಯ? ಆ ಷರತ್ತಿಗೆ "ತಾನಾಗಿ ಬಿಟ್ಟರೆ" ಅಂತ ಎರಡು ಪದ ಸೇರಿಸಿದ್ದರೆ ಮುಗಿದಿತ್ತು.

ಚೆನ್ನಾಗಿ ಮಾಡಿದವರೂ ಇದ್ದಾರೆ. 2018ರಲ್ಲೇ ಅಬಾಟ್ ಕಂಪನಿ ಒಂದು ದಾರಿ ತೋರಿಸಿತು. ಸಂಬಳದ 2 ಪರ್ಸೆಂಟ್ ಓದಿನ ಸಾಲಕ್ಕೆ ಕಟ್ಟಿದವರಿಗೆ ಕಂಪನಿ 5 ಪರ್ಸೆಂಟನ್ನು ಅವರ 401ಕೆ ನಿವೃತ್ತಿ ಖಾತೆಗೆ ಹಾಕಿತು. ಸಾಲದ ಹೊರೆಯಲ್ಲಿ ನಿವೃತ್ತಿಗೆ ಬಿಡಿಗಾಸೂ ಉಳಿಸಲಾಗದ ಹುಡುಗರಿಗೆ ಅದೆಷ್ಟು ದೊಡ್ಡ ಮಾತು ಯೋಚಿಸಿ. ಆಮೇಲೆ ನಿವೃತ್ತಿ ಉಳಿತಾಯದ ಸೆಕ್ಯೂರ್ 2.0 ಕಾಯ್ದೆ ಬಂದು 2024ರಿಂದ ಯಾವ ಕಂಪನಿ ಬೇಕಾದರೂ ಸಾಲದ ಕಂತಿಗೆ ಹೀಗೆ ಮ್ಯಾಚ್, ಅಂದ್ರೆ ನಿವೃತ್ತಿ ಖಾತೆಗೆ ತನ್ನ ಪಾಲು, ಕೊಡಬಹುದು. ಅದರಲ್ಲಿ ಕಂತು ಕಟ್ಟಿದ್ದೇನೆ ಅಂತ ನೌಕರರು ತಾವೇ ದೃಢೀಕರಿಸಿ ಕೊಟ್ಟರೆ ಕಂಪನಿ ನಂಬಬಹುದು ಅಂತ ಕಾಯ್ದೆಯೇ ಹೇಳುತ್ತೆ. ಸರ್ಕಾರಕ್ಕಿರುವ ನಂಬಿಕೆ ನಮ್ಮವರಿಗೆ ಯಾಕಿಲ್ಲ?

ಇಷ್ಟೊಂದು ಯಾಕೆ ಹಚ್ಚಿಕೊಂಡಿದ್ದೀಯ ಅಂತ ನಮ್ಮ ಮನೆಯವರು ಕೇಳಿದರು. ನಾನು ಓದಿದ್ದೂ ಹಾಗೇ ಅಲ್ವಾ. ಅಪ್ಪ ಸೈಟಿನ ಪತ್ರ ಬ್ಯಾಂಕಿನಲ್ಲಿ ಇಟ್ಟು ಸಹ-ಸಾಲಗಾರ ಅಂತ ಸಹಿ ಹಾಕಿದ್ದರು. ಬ್ಯಾಂಕಿನ ಮೆಸೇಜು ಹೋಗುತ್ತಿದ್ದದ್ದು ಅವರ ಮೊಬೈಲಿಗೆ. ಒಂದು ತಿಂಗಳು ನಾನು ಕಳಿಸಿದ ದುಡ್ಡು ತಡವಾಗಿ, ಕಂತು ಬಾಕಿ ಅಂತ ಮೆಸೇಜು ಬಂದಿದೆ. ಅವರು ನನಗೆ ಹೇಳದೆ ಸೊಸೈಟಿಯಲ್ಲಿ ಇಟ್ಟಿದ್ದ ಎಫ್‌ಡಿ ಮುರಿದು ಕಟ್ಟಿದ್ದರು. ಅಮ್ಮ ಹೇಳಿದ್ದರಿಂದ ನನಗೆ ಆಮೇಲೆ ಗೊತ್ತಾಯಿತು. ಆ ಹುಡುಗಿಯ ಅಪ್ಪನ ಮೊಬೈಲಿಗೂ ಈಗ ಅದೇ ಮೆಸೇಜು ಹೋಗುತ್ತಿದೆ. ಅವಳ ಕಂತಿಗೆ ಬರಬೇಕಾದ ದುಡ್ಡು ಒಂದು ಪಟ್ಟಿಯ ದೆಸೆಯಿಂದ ನಿಂತಿದೆ ಅಂದ್ರೆ ನನಗೆ ಸುಮ್ನೆ ಕೂರೋಕೆ ಆಗಲ್ಲ.

ಸೆಕ್ಷನ್ 127ರ ಯೋಜನೆ ಬರಹದಲ್ಲಿ ಇರಲೇಬೇಕು ಅನ್ನೋದು ನಿಯಮ, ಹಾಗಾಗಿ ಯೋಜನೆಯ ಪೂರ್ತಿ ಪ್ರತಿ ಕೇಳಿ ತರಿಸಿಕೊಂಡೆ. ಬದಲಾಯಿಸಬೇಕಾದ ಸಾಲುಗಳನ್ನು ಗುರುತು ಹಾಕಿ ಎಚ್‌ಆರ್‌ಗೆ ಇವತ್ತು ಬೆಳಿಗ್ಗೆ ಕಳಿಸಿದ್ದೇನೆ. ಇಲ್ಲಿರುವ ಗೆಳೆಯರೇ, ನಿಮ್ಮ ಕಂಪನಿಯಲ್ಲಿ ಈ ಸವಲತ್ತು ಇದ್ದು ಊರಿನ ಬ್ಯಾಂಕಿನ ಸಾಲಕ್ಕೂ ಕೊಡುತ್ತಿದ್ದರೆ ದಯವಿಟ್ಟು ಇನ್‌ಬಾಕ್ಸ್‌ಗೆ ಬನ್ನಿ. ಅಲ್ಲಿ ಅದನ್ನು ಹೇಗೆ ಬರೆದಿದ್ದಾರೆ, ಯಾವ ಕಾಗದ ಕೇಳುತ್ತಾರೆ ಅಷ್ಟು ಹೇಳಿದರೆ ಸಾಕು. ಮುಂದಿನ ವಾರ ಮೀಟಿಂಗ್ ಇದೆ, ಅದನ್ನೇ ಅವರ ಮುಂದೆ ಇಡುತ್ತೇನೆ.