ನೂರೈವತ್ತರ ಬೈಕು, ಹದಿನೇಳರ ಊರು

ಪುಣೆಯಲ್ಲಿ ಎಆರ್‌ಎಐ ಅಂತ ಒಂದು ಸಂಸ್ಥೆ ಇದೆ. ಗಾಡಿಗಳನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವುದು ಅದರ ಕೆಲಸ. ಎಲೆಕ್ಟ್ರಿಕ್ ಬೈಕ್ ಒಂದು ಚಾರ್ಜಿಗೆ ಎಷ್ಟು ದೂರ ಹೋಗುತ್ತದೆ ಅಂತ ನೋಡಲು ಅದನ್ನು ರೋಲರ್ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತಿರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಬೆಂಗಳೂರಲ್ಲಿ ದಿನಾ ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ ದಾಟಿ ಆಫೀಸಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರೀಕ್ಷೆಯಲ್ಲಿ ಚಕ್ರ ಯಾವಾಗ ಎಷ್ಟು ವೇಗದಲ್ಲಿ ತಿರುಗಬೇಕು ಅನ್ನುವ ಲೆಕ್ಕಕ್ಕೆ ಇಂಡಿಯನ್ ಡ್ರೈವಿಂಗ್ ಸೈಕಲ್ ಅಂತ ಹೆಸರು. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22. ಬೈಕ್ ಹುಚ್ಚು ಹತ್ತಿದವರಿಗೆ ಈ 22 ಕಂಡರೆ ಆಗುವುದಿಲ್ಲ. "ಇಷ್ಟು ನಿಧಾನಕ್ಕೆ ಯಾರು ಸ್ವಾಮಿ ಓಡಿಸ್ತಾರೆ? ಅದಕ್ಕೇ ಕಂಪನಿ ಹೇಳೋ ಮೈಲೇಜ್ ರೋಡಲ್ಲಿ ಬರಲ್ಲ" ಅಂತ ಬೈಯುತ್ತಾರೆ. ಯಾರು ಓಡಿಸುತ್ತಾರೆ ಅಂದರೆ, ನಾವೇ. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ 2024ರ ವರದಿ ಪ್ರಕಾರ ಬೆಂಗಳೂರಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್ ಬೇಕು. ಗಂಟೆಗೆ ಹದಿನೇಳೂವರೆ ಕಿ.ಮೀ. ಬಂತು. ಪುಣೆಯ ಕೋಣೆಯೊಳಗೆ ನಿಂತಲ್ಲೇ ನಿಂತಿರುವ ಬೈಕು ಬೆಂಗಳೂರಿಗಿಂತ ಜೋರಾಗಿ ಓಡುತ್ತಿದೆ.

ಇನ್ನೊಂದು ನಿಯಮ ಇದೆ. ಮೋಟರ್ 250 ವಾಟ್‌ಗಿಂತ ಕಡಿಮೆ, ವೇಗ 25ಕ್ಕಿಂತ ಕಡಿಮೆ ಇರುವ ಎಲೆಕ್ಟ್ರಿಕ್ ಸ್ಕೂಟರ್ ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ವೇಗವೊಂದನ್ನೇ ನೋಡುವುದಾದರೆ ಸಂಜೆ ಆರು ಗಂಟೆಗೆ ಔಟರ್ ರಿಂಗ್ ರೋಡಲ್ಲಿರುವ ಬಿಎಂಡಬ್ಲ್ಯು ಕೂಡ ಮೋಟಾರು ವಾಹನ ಅಲ್ಲ. ಮಾಲೀಕರು ರೋಡ್ ಟ್ಯಾಕ್ಸ್ ವಾಪಸ್ ಕೇಳಿ ಅರ್ಜಿ ಹಾಕಬಹುದು.

ಇಂಥ ಊರಲ್ಲೇ ಗಂಟೆಗೆ 150 ಕಿ.ಮೀ. ದಾಟುವ ಎಲೆಕ್ಟ್ರಿಕ್ ಬೈಕ್ ಹುಟ್ಟಿದೆ ನೋಡಿ. ಬೆಂಗಳೂರಿನದೇ ಕಂಪನಿ ಅಲ್ಟ್ರಾವಯಲೆಟ್‌ನ ಎಫ್77, 2022ರಲ್ಲಿ ಬಂತು. ಗಾಡಿ ಮಾಡಿದ್ದು ನಮ್ಮೂರಲ್ಲೇ ಅಂತ ಹೆಮ್ಮೆ ಪಡೋಣ, ತಪ್ಪೇನಿಲ್ಲ. ಎಲ್ಲಿ ಓಡಿಸುವುದು ಅಂತ ಮಾತ್ರ ಕೇಳಬೇಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಅನ್ನಬಹುದು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕ್‌ಗೆ ಪ್ರವೇಶ ಇಲ್ಲ. ಆಟೋ, ಟ್ರ್ಯಾಕ್ಟರ್ ಜೊತೆಗೆ ಒಂದೇ ಪಟ್ಟಿಯಲ್ಲಿ ಕೂರಿಸಿದ್ದಾರೆ. ಕಾರಣ, ಇವೆಲ್ಲ ನಿಧಾನದ ಗಾಡಿಗಳಂತೆ. ವೇಗದ ಗಾಡಿಗಳ ನಡುವೆ ಸಿಕ್ಕಿ ಅಪಾಯ ಆಗುತ್ತದಂತೆ. ಆ ರಸ್ತೆಯಲ್ಲಿ ಜೀವಗಳು ಹೋಗಿದ್ದು ನಿಜ, ಅದರ ಬಗ್ಗೆ ನಗುವಂಥದ್ದೇನಿಲ್ಲ. ಆದರೆ ಕಾರಿಗೇ 100ರ ಮಿತಿ ಇರುವ ರಸ್ತೆಗೆ 150ರ ಬೈಕ್ 'ನಿಧಾನ' ಅಂದರೆ ಹೇಗೆ? ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಕೊರೆಯುತ್ತೇವೆ ಅನ್ನುತ್ತಿರುವ ಸುರಂಗ ರಸ್ತೆಯಲ್ಲೂ ಬೈಕ್‌ಗೆ ಜಾಗ ಇಲ್ಲವಂತೆ. ಸುರಂಗದೊಳಗೆ ಹೊಗೆಯನ್ನೇ ಬಿಡದ ಗಾಡಿ ಹೊರಗೆ, ಡೀಸೆಲ್ ಕಾರು ಒಳಗೆ.

ಹೇಳಿಕೊಳ್ಳಲು ನಮಗೆ ಬೇಕಾದಷ್ಟಿದೆ. 2017ರಲ್ಲಿ ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ಕರ್ನಾಟಕ. 2021ರಲ್ಲಿ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆ ತಂದದ್ದೂ ಕರ್ನಾಟಕ. 2024ರ ಮಾರ್ಚ್‌ನಲ್ಲಿ ಅದನ್ನು ವಾಪಸ್ ಪಡೆದದ್ದೂ ನಾವೇ. ಎರಡಕ್ಕೂ ಸರ್ಕಾರಿ ಆದೇಶ ಇತ್ತು.

ಹೀಗಾಗಿ 150ರ ಬೈಕಿನ ತಾಕತ್ತು ನೋಡಲು ಉಳಿದಿರುವುದು ಶೋರೂಮಿನ ಹಿಂದಿನ ಗಲ್ಲಿ. ಮೊನ್ನೆ ನಾನೂ ಟೆಸ್ಟ್ ರೈಡ್‌ಗೆ ಹೋಗಿದ್ದೆ. ಯಾವ ಕಂಪನಿ ಅನ್ನುವುದು ಬೇಡ. ಓಟಿಪಿ ಕೊಟ್ಟೆ. ಗಾಡಿಗೆ ಗೀರು ಬಿದ್ದರೆ ನಾನೇ ಹೊಣೆ ಅಂತ ಟ್ಯಾಬ್ ಮೇಲೆ ಬೆರಳಲ್ಲಿ ಸಹಿ ಹಾಕಿದೆ. ಹೆಲ್ಮೆಟ್ ಒಳಗೆ ಹಿಂದಿನವರ ಬೆವರು ಇನ್ನೂ ಆರಿರಲಿಲ್ಲ. ಸೇಲ್ಸ್ ಹುಡುಗ ಒಂದೇ ಉಸಿರಿಗೆ ಶುರು ಮಾಡಿದ: "ಸೊನ್ನೆಯಿಂದ ಅರವತ್ತು, ಮೂರೇ ಸೆಕೆಂಡ್ ಸರ್!" ಆಮೇಲೆ ದನಿ ತಗ್ಗಿಸಿ, "ಆದ್ರೆ ಇಕೋ ಮೋಡಲ್ಲೇ ಇರ್ಲಿ ಸರ್. ಸ್ಪೋರ್ಟ್ ಮೋಡ್ ಲಾಕ್ ಮಾಡಿದೀವಿ. ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ, ಬಂದ್ಬಿಡಿ" ಅಂದ.

ನನ್ನ ಮೇಲೆ ಕಣ್ಣಿಡಲು ಇನ್ನೊಬ್ಬ ಹಿಂದೆ ಹೊರಟ. ಹಳೇ ಪೆಟ್ರೋಲ್ ಸ್ಕೂಟರಲ್ಲಿ. "ಅದ್ಯಾಕಪ್ಪಾ?" ಅಂದೆ. "ಚಾರ್ಜ್ ಖಾಲಿ ಆದ್ರೆ ಯಾರಾದ್ರೂ ಟೋಚನ್ ಮಾಡ್ಬೇಕಲ್ಲ ಸರ್."

ಮೊದಲ ಎಡಕ್ಕೆ ಹಂಪ್. ರಸ್ತೆ ಹೇಗಿರಬೇಕು ಅಂತ ಅಳತೆ ಬರೆದಿಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಇಲ್ಲಿ ಎತ್ತರದಲ್ಲಿ ಏನೂ ಕಮ್ಮಿ ಮಾಡಿರಲಿಲ್ಲ. ಅಗಲ ಮಾತ್ರ ತೆಂಗಿನ ಮರ ಕಡಿದು ಅಡ್ಡ ಮಲಗಿಸಿದಷ್ಟೇ. ಎರಡನೇ ಎಡಕ್ಕೆ ಪೈಪಿಗೆ ಅಂತ ಅಗೆದು ಮಣ್ಣು ಗುಡ್ಡೆ ಹಾಕಿದ್ದರು. ಅದನ್ನು ಬಳಸಿ ಬಂದರೆ ಸೊಪ್ಪಿನ ಚೀಲ ಹಿಡಿದು ರಸ್ತೆ ನಡುವೆ ನಿಂತಿದ್ದ ಅಮ್ಮನವರಿಗೆ ನಾನು ಬಂದದ್ದೇ ಕೇಳಲಿಲ್ಲ. "ಸದ್ದೇ ಇಲ್ದೆ ಬಂದು ನಿಲ್ತೀರಲ್ರೀ, ಕಳ್ಳನ ಥರ!" ಅಂದರು. ಸಿಗ್ನಲಲ್ಲಿ ಆಟೋದವರು ಕತ್ತು ಹೊರಗೆ ಹಾಕಿದರು. "ಎಷ್ಟು ಕೊಡುತ್ತೆ ಸರ್?" "ಮುನ್ನೂರು ಅಂತಾರೆ." "ಬೆಂಕಿ ಹತ್ಕೊಳಲ್ವಾ?" ಉತ್ತರ ಕೇಳುವ ಮೊದಲೇ ಅವರು ಫುಟ್‌ಪಾತ್ ಹತ್ತಿ ಹೊರಟುಹೋಗಿದ್ದರು. ಮೀಟರಲ್ಲಿ ನಾನು ಕಂಡ ದೊಡ್ಡ ಸಂಖ್ಯೆ 31.

ವಾಪಸ್ ಬಂದಾಗ ಹುಡುಗ ರೀಜೆನ್ ವಿಷಯ ಹೇಳಿದ. ಆಕ್ಸಿಲರೇಟರ್ ಬಿಟ್ಟರೆ, ಬ್ರೇಕ್ ಹಿಡಿದರೆ ಸ್ವಲ್ಪ ಚಾರ್ಜ್ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ಅವನು ಹೇಳಿದ ರೀತಿ ಕೇಳಿದರೆ ಮಾರತಹಳ್ಳಿಯಿಂದ ಹೊರಟವನು ಸಿಲ್ಕ್ ಬೋರ್ಡ್ ಮುಟ್ಟುವಷ್ಟರಲ್ಲಿ ಬ್ಯಾಟರಿ ತುಂಬಿ ಹೊರಗೆ ಚೆಲ್ಲಬೇಕು. ಬೆಸ್ಕಾಂ ಅಲ್ಲೇ ಒಂದು ಕೌಂಟರ್ ಹಾಕಿ ಮಿಕ್ಕ ಯೂನಿಟ್ ಕೊಂಡುಕೊಳ್ಳಬಹುದು.

ಓಡಿಸುವ ಕಥೆ ಇದಾದರೆ ನಿಲ್ಲಿಸುವುದು ಇನ್ನೊಂದು. ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಹತ್ತಿರ ಬೇಸ್‌ಮೆಂಟಲ್ಲಿ ಒಂದು ಪ್ಲಗ್ ಪಾಯಿಂಟ್ ಕೇಳಿದೆ. "ಬ್ಯಾಟರಿ ಅಂದ್ರೆ ರಿಸ್ಕು ಸರ್, ಬೆಂಕಿ ಗಿಂಕಿ ಆದ್ರೆ?" ಅಂದರು. ಹೇಳುವಾಗ ಅವರು ಒರಗಿ ನಿಂತಿದ್ದು ಜನರೇಟರ್‌ಗೆ ಅಂತ ತುಂಬಿಸಿಟ್ಟ ಡೀಸೆಲ್ ಡ್ರಮ್ಮಿಗೆ.

"ಬ್ಯಾಟರಿ ಬಿಚ್ಚಿ ಮನೇಲೇ ಚಾರ್ಜ್ ಮಾಡ್ಕೊಳಿ ಸರ್."

"ಇದರಲ್ಲಿ ಬಿಚ್ಚಕ್ಕೆ ಬರಲ್ಲ. ಗಾಡಿಗೇ ಕೂತಿರುತ್ತೆ."

"ಗಾಡಿ ತೂಕ ಎಷ್ಟಿದೆ?"

"ಹತ್ತಿರ ಹತ್ತಿರ ಇನ್ನೂರು ಕೆಜಿ."

ಸೆಕ್ರೆಟರಿ ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ಹಾಗಾದ್ರೆ ಸರ್ವಿಸ್ ಲಿಫ್ಟಲ್ಲೇ ತಗೊಂಡು ಹೋಗಿ. ಭಾನುವಾರ ಮಾತ್ರ ಬೇಡ, ನೀರಿನ ಕ್ಯಾನ್ ಬರುತ್ತೆ."