ಮುನ್ನುಡಿಯಲ್ಲೇ ಸಿಕ್ಕಿಬಿದ್ದ ಕೊಲೆಗಾರ

ಕಳೆದ ತಿಂಗಳು ಎರಡು ಹೊಸ ಕಾದಂಬರಿ ಕೊಂಡೆ. ಕೊಂಡೆ ಅಂದರೆ ದುಡ್ಡು ಕೊಟ್ಟೇ ಕೊಂಡೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಹೊಸ ಪುಸ್ತಕಗಳ ಬಗ್ಗೆ ಮಾತಾಡುವವರಲ್ಲಿ ನನ್ನ ಜಾತಿಯವರು ಕಡಿಮೆ. ಒಂದು ಪತ್ತೇದಾರಿ, ಇನ್ನೊಂದು ಸಾಮಾಜಿಕ. ಎರಡೂ ಒಂದೇ ಭಾನುವಾರ, ಒಂದೇ ವೇದಿಕೆಯಲ್ಲಿ, ಒಂದೇ ಉಪ್ಪಿಟ್ಟು ಕೇಸರಿಬಾತಿನ ಖರ್ಚಿನಲ್ಲಿ ಬಿಡುಗಡೆಯಾದವು. ಹೆಸರು ಹೇಳುವುದಿಲ್ಲ. ಬರೆದ ಹುಡುಗರು ಇಬ್ಬರೂ ಒಳ್ಳೆಯವರು.

ಪತ್ತೇದಾರಿಗೆ 232 ಪುಟ. ಮನೆಗೆ ಬಂದು, ಊಟ ಮುಗಿಸಿ, ಫ್ಯಾನ್ ಹಾಕಿಕೊಂಡು ಮುನ್ನುಡಿಯಿಂದ ಶುರು ಮಾಡಿದೆ. ಮುನ್ನುಡಿ ಬರೆದವರು ಹಿರಿಯರು. 9ನೇ ಪುಟದಲ್ಲಿ ಅವರು ಹೀಗೆ ಬರೆದಿದ್ದರು: ‘ಕೊನೆಯಲ್ಲಿ ಅಕ್ಕನ ಗಂಡನೇ ಕೊಲೆಗಾರನೆಂದು ತಿಳಿದಾಗ ಓದುಗ ಬೆಚ್ಚಿಬೀಳದೆ ಇರಲಾರ.’

ನಾನು ಬೆಚ್ಚಿಬಿದ್ದೆ. ಅಲ್ಲೇ, 9ನೇ ಪುಟದಲ್ಲೇ. ಕಾದಂಬರಿಯಲ್ಲಿ ಹೆಣ ಬೀಳುವುದು 21ನೇ ಪುಟದಲ್ಲಿ. ಅಂದರೆ ಕೊಲೆ ಆಗುವುದಕ್ಕೆ 12 ಪುಟ ಮುಂಚೆಯೇ ಕೊಲೆಗಾರ ಸಿಕ್ಕಿಬಿದ್ದಿದ್ದ. ಇಷ್ಟು ಚುರುಕಾದ ತನಿಖೆ ಯಾವ ಠಾಣೆಯಲ್ಲೂ ನಡೆದಿರಲಿಕ್ಕಿಲ್ಲ.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿ ಬರೆದ ಒಂದು ನಾಟಕ 1952ರಿಂದ ಆಡುತ್ತಲೇ ಇದೆ. ನಡುವೆ ಕೊರೋನಾ ಬಂದಾಗ ಮಾತ್ರ ನಿಂತಿತ್ತು. ಆಟ ಮುಗಿದ ಮೇಲೆ ನಟರೊಬ್ಬರು ಮುಂದೆ ಬಂದು, ಕೊಲೆಗಾರ ಯಾರೆಂದು ಹೊರಗೆ ಯಾರಿಗೂ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರೆ. ಜನ ಪಾಪ, ಹೆಚ್ಚಿನವರು ಹೇಳುವುದಿಲ್ಲ. 70 ವರ್ಷ ದಾಟಿದರೂ ಗುಟ್ಟು ಬಹುಮಟ್ಟಿಗೆ ಗುಟ್ಟಾಗಿಯೇ ಇದೆಯಂತೆ. ಅವರಿಗೆ ನಮ್ಮ ಕಡೆಯ ಒಬ್ಬರು ಮುನ್ನುಡಿ ಬರೆದುಕೊಟ್ಟಿದ್ದರೆ ಮೊದಲ ವಾರವೇ ಪರದೆ ಎಳೆಯಬಹುದಿತ್ತು.

ಬಿಡುಗಡೆಯ ದಿನದ ಕಥೆಗೆ ಬರುತ್ತೇನೆ. ಕಾರ್ಯಕ್ರಮ ಹತ್ತೂವರೆಗೆ ಅಂತ ಇತ್ತು, ಹನ್ನೊಂದೂಕಾಲಿಗೆ ಶುರುವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಹಣತೆಗೆ ಗಾಳಿ ಬೀಸದಂತೆ ಫ್ಯಾನ್ ಆರಿಸಿದ್ದು, ಮತ್ತೆ ಹಾಕಲು ಮರೆತದ್ದು. ಆಮೇಲೆ ತಟ್ಟೆಯಲ್ಲಿ ಪುಸ್ತಕಗಳು ಬಂದವು, ಮಿಂಚುವ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ರಿಬ್ಬನ್ ಕಟ್ಟಿ. ರಿಬ್ಬನ್ ಸುಲಭವಾಗಿ ಬಿಚ್ಚಿಕೊಂಡಿತು. ಕಾಗದಕ್ಕೆ ಯಾರೋ ಶ್ರದ್ಧೆಯಿಂದ ಮೂರು ಸುತ್ತು ಸೆಲೋಟೇಪ್ ಹಾಕಿದ್ದರು. ಮುಖ್ಯ ಅತಿಥಿಗಳು ಉಗುರಿನಿಂದ ಕೆರೆದರು. ಅಧ್ಯಕ್ಷರು ಮತ್ತೊಂದು ತುದಿಯಿಂದ ಎಳೆದರು. ನಿರೂಪಕಿ ‘ಈ ಅಮೃತ ಗಳಿಗೆಯಲ್ಲಿ’ ಅಂತ ಮೂರು ಸಲ ಹೇಳಿದರು. ಕೊನೆಗೆ ಪ್ರಕಾಶಕರು ಸ್ಕೂಟರ್ ಕೀಲಿ ತಂದು ಸಿಗಿದರು. ಕೊಲೆ ಕಾದಂಬರಿಯ ಬಿಡುಗಡೆಯಲ್ಲಿ ಒಂದು ಚಾಕು ಸಿಗಲಿಲ್ಲ ನೋಡಿ.

ಎಲ್ಲರೂ ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿದು ಫೋಟೋ ಆದಮೇಲೆ ಮುಖ್ಯ ಅತಿಥಿಗಳು ಮೈಕಿನ ಮುಂದೆ ಬಂದರು. ‘ಪುಸ್ತಕ ನಿನ್ನೆ ರಾತ್ರಿಯಷ್ಟೇ ನನ್ನ ಕೈ ಸೇರಿತು. ಪೂರ್ತಿ ಓದಲು ಆಗಲಿಲ್ಲ. ಅಲ್ಲಲ್ಲಿ ಕಣ್ಣಾಡಿಸಿದ್ದೇನೆ.’ ನಾನು ಎಷ್ಟೋ ಬಿಡುಗಡೆಗಳಿಗೆ ಹೋಗಿದ್ದೇನೆ. ಪುಸ್ತಕ ಯಾವಾಗಲೂ ನಿನ್ನೆ ರಾತ್ರಿಯೇ ಕೈ ಸೇರುತ್ತದೆ. ಮೊನ್ನೆ ರಾತ್ರಿ ಸೇರಿದ್ದನ್ನು ಒಮ್ಮೆಯೂ ಕೇಳಿಲ್ಲ.

ಓದಿಲ್ಲ ಅಂದವರು ಕೂತುಕೊಳ್ಳಬಹುದಿತ್ತು. ಅವರು 40 ನಿಮಿಷ ಮಾತಾಡಿದರು. ಪಂಪನಿಂದ ಹೊರಟು, ಕುಮಾರವ್ಯಾಸನ ಮನೆಯಲ್ಲಿ ನೀರು ಕುಡಿದು, 12ನೇ ಶತಮಾನಕ್ಕೆ ವಾಪಸ್ ಹೋಗಿ, ‘ಕಳಬೇಡ ಕೊಲಬೇಡ’ ಅಂದ ನಾಡಿನಲ್ಲಿ ಕೊಲೆಯ ಕಥೆ ಬರುವುದು ಎಂಥ ವಿಪರ್ಯಾಸ ಅಂದರು. ಲೇಖಕ ತಲೆ ತಗ್ಗಿಸಿ ಕೂತಿದ್ದ. ಕೊಂದವನು ತಾನೇ ಅನ್ನುವ ಹಾಗೆ.

ಆಮೇಲೆ ಪುಸ್ತಕ ಪರಿಚಯ. ಪತ್ತೇದಾರಿಯ ಬಗ್ಗೆ ಮಾತಾಡಿದವರು ‘ಇದು ಬರೀ ಪತ್ತೇದಾರಿ ಅಲ್ಲ, ಇದರಲ್ಲಿ ಆಳವಾದ ಸಾಮಾಜಿಕ ಕಳಕಳಿ ಇದೆ’ ಅಂದರು. ಸಾಮಾಜಿಕದ ಬಗ್ಗೆ ಮಾತಾಡಿದವರು ‘ಥ್ರಿಲ್ಲರ್ ಥರ ಓದಿಸಿಕೊಂಡು ಹೋಗುತ್ತದೆ’ ಅಂದರು. ಇಬ್ಬರ ಚೀಟಿಯೂ ಅದಲುಬದಲಾಗಿದೆ ಅಂದುಕೊಂಡೆ. ಇಲ್ಲ, ಎರಡೂ ಹೊಗಳಿಕೆಯೇ. ನಮ್ಮಲ್ಲಿ ಪತ್ತೇದಾರಿ ಪತ್ತೇದಾರಿಯಾಗಿದ್ದರೆ ಸಾಲದು, ಸಾಮಾಜಿಕ ಸಾಮಾಜಿಕವಾಗಿದ್ದರೆ ಮಾರಾಟವಾಗದು. ಇಡ್ಲಿಯನ್ನು ‘ಥೇಟ್ ದೋಸೆ’ ಅಂತಲೂ ದೋಸೆಯನ್ನು ‘ಬರೀ ದೋಸೆ ಅಲ್ಲ’ ಅಂತಲೂ ಹೇಳಿದರೆ ಮಾತ್ರ ಹೋಟೆಲಿನವರಿಗೆ ಸಮಾಧಾನ.

ಆ ‘ಬರೀ’ ಅನ್ನುವ ಮಾತು ನನಗೆ ಯಾಕೋ ಚುಚ್ಚಿತು. ಎನ್. ನರಸಿಂಹಯ್ಯನವರು ಹೆಸರಾದದ್ದು ಬರೀ ಪತ್ತೇದಾರಿಯಿಂದಲೇ. 500ಕ್ಕೂ ಜಾಸ್ತಿ ಬರೆದರು. ಶಾಲೆಯಲ್ಲಿ ಹೆಚ್ಚು ಓದಿದವರಲ್ಲ. ಅವರ ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಇವರೆಲ್ಲ ಸೇರಿ ಕನ್ನಡ ಓದುವ ಚಟ ಹಿಡಿಸಿದ ಮನೆಗಳು ಎಷ್ಟೋ. ನಮ್ಮ ಬೀದಿಯ ಬಾಡಿಗೆ ಲೈಬ್ರರಿಯಲ್ಲಿ ಆ ಪುಸ್ತಕಗಳ ಮೊದಲ ಪುಟದಲ್ಲಿ ಯಾವನೋ ಪುಣ್ಯಾತ್ಮ ಪೆನ್ಸಿಲಿನಲ್ಲಿ ‘ಕೊಂದವನು ಅಡುಗೆ ಭಟ್ಟ’ ಅಂತ ಬರೆದಿಟ್ಟಿರುತ್ತಿದ್ದ. ಅವನ ಕೈ ಮುರಿಯಬೇಕು ಅಂತ ಆಗ ಅನ್ನಿಸುತ್ತಿತ್ತು. ಈಗ ಅವನ ಮೇಲೆ ಗೌರವ ಬಂದಿದೆ. ಏನೇ ಆಗಲಿ, ಅವನು ಕೊನೆಯವರೆಗೆ ಓದಿದ್ದ.

ಬಿಡುಗಡೆಯ ಮರುದಿನದಿಂದ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಅನಿಸಿಕೆಗಳು ಸುರಿಯತೊಡಗಿದವು. ನಿಯಮ ಸರಳ. ಪುಸ್ತಕ ಒಂದು ಕಡೆ, ಪಕ್ಕದಲ್ಲಿ ಸ್ಟೀಲ್ ಲೋಟದ ಕಾಫಿ, ಮೇಲೊಂದು ಕನ್ನಡಕ. ‘ಇದು ವಿಮರ್ಶೆ ಅಲ್ಲ, ನನ್ನ ಅನಿಸಿಕೆ ಅಷ್ಟೇ’ ಅಂತ ಶುರು. ಆಮೇಲೆ ‘ಒಂದೇ ಗುಕ್ಕಿಗೆ ಓದಿ ಮುಗಿಸಿದೆ’. ಒಬ್ಬರು ಹನ್ನೊಂದು ಗಂಟೆಗೆ ‘ಕೊರಿಯರ್ ಬಂತು, ಧನ್ಯವಾದ ಗೆಳೆಯಾ’ ಅಂತ ಹಾಕಿ ಹನ್ನೊಂದೂ ಇಪ್ಪತ್ತಕ್ಕೆ ‘ಇನ್ನೂ ಗುಂಗಿನಿಂದ ಹೊರಬಂದಿಲ್ಲ’ ಅಂತ ಬರೆದಿದ್ದರು. 20 ನಿಮಿಷಕ್ಕೆ 232 ಪುಟ. ಅದರಲ್ಲೇ ಕಾಫಿ ಮಾಡಿಕೊಂಡು ಫೋಟೋ ತೆಗೆದದ್ದೂ ಸೇರಿತು.

‘ಓದಿಸಿಕೊಂಡು ಹೋಗುತ್ತದೆ’ ಅನ್ನುವ ಮಾತಂತೂ ನನಗೆ ಇನ್ನೂ ಅರ್ಥವಾಗಿಲ್ಲ. ಎಲ್ಲಿಗೆ ಹೋಗುತ್ತದೆ? ಎರಡೂ ಪುಸ್ತಕಗಳ ಅನಿಸಿಕೆಗಳನ್ನು ಕೂತು ಎಣಿಸಿದೆ, ಒಟ್ಟು 41 ಇದ್ದವು. ಅದರಲ್ಲಿ 29 ಓದಿಸಿಕೊಂಡು ಹೋಗಿದ್ದವು. ಕಾಡಿದ್ದು 17. ಕೆಲವರಿಗೆ ಎರಡೂ ಆಗಿತ್ತು.

ಸುಮ್ನೆ ಇರಲಾಗದೆ ನಾನೂ ಒಂದು ಅನಿಸಿಕೆ ಬರೆದೆ. ಅಲ್ಲಿ ಎಡವಟ್ಟಾಯಿತು, ಯಾಕೆಂದರೆ ನಾನು ಓದಿ ಬರೆದಿದ್ದೆ.

ಕಥೆ ನಡೆಯುವುದು ಸಕಲೇಶಪುರದ ಕಾಫಿ ಎಸ್ಟೇಟಿನಲ್ಲಿ, 2025ರ ಜನವರಿಯಲ್ಲಿ. ಯಜಮಾನರ ಕೊಲೆಯಾಗಿದೆ. ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದು ‘ಸೆಕ್ಷನ್ 302 ಹಾಕ್ರೀ’ ಅಂತ ಗುಡುಗುತ್ತಾನೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ ಈಗ ಸೆಕ್ಷನ್ 103. ಹೊಸ ಸಂಹಿತೆಯ 302 ಇರುವುದು ಬೇರೆಯವರ ಧಾರ್ಮಿಕ ಭಾವನೆ ನೋಯಿಸಬೇಕೆಂದೇ ಮಾತಾಡುವವರಿಗೆ. ಅಂದರೆ ಈ ಕಾದಂಬರಿಯಲ್ಲಿ ಮನುಷ್ಯನೊಬ್ಬನನ್ನು ಕತ್ತಿಯಿಂದ ಕಡಿದವನ ಮೇಲೆ ಮಾತು ತಪ್ಪಾಡಿದ ಕೇಸು ಬಿದ್ದಿದೆ. ಬೆಳಿಗ್ಗೆ ತೆಗೆದ ರಕ್ತದ ಡಿಎನ್‌ಎ ವರದಿ ಸಂಜೆಗೆ ಬಂದುಬಿಡುತ್ತದೆ. ಸಕಲೇಶಪುರದಿಂದ ಹೊರಟ ಸ್ಯಾಂಪಲ್ ನೆಲಮಂಗಲದ ಟ್ರಾಫಿಕ್ ದಾಟಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಮುಟ್ಟುವಷ್ಟರಲ್ಲೇ ಸಂಜೆಯಾಗುತ್ತದೆ. ಮುಟ್ಟಿದ ಮೇಲೆ ಅಲ್ಲಿನ ಸರದಿ ಬೇರೆ.

ಇನ್ನು ಮಳೆ. ಕಾದಂಬರಿಯುದ್ದಕ್ಕೂ ಧೋ ಅಂತ ಸುರಿಯುತ್ತದೆ. ಜನವರಿ ಅಂದರೆ ಹಣ್ಣು ಕುಯ್ದು ಕಣದಲ್ಲಿ ಕಾಫಿ ಒಣಗಿಸುವ ಕಾಲ. ಆಗ ಹೀಗೆ ಮಳೆ ಹೊಡೆದರೆ ಸಕಲೇಶಪುರದಲ್ಲಿ ಕೊಲೆಗೆ ಬೇರೆ ಕಾರಣ ಬೇಕಾಗಿಲ್ಲ. ಆದರೆ ಪುಸ್ತಕದ ಎಸ್ಟೇಟಿನಲ್ಲಿ ಕಾಫಿಯ ಬಗ್ಗೆ ಯಾರಿಗೂ ಚಿಂತೆ ಇಲ್ಲ, ಎಲ್ಲರೂ ಕಿಟಕಿಯ ಪಕ್ಕ ನಿಂತು ಮಳೆ ನೋಡುತ್ತಾರೆ.

ಇಷ್ಟನ್ನೇ ಬರೆದು ಕೊನೆಗೆ ‘ಮೊದಲ 60 ಪುಟ ಚೆನ್ನಾಗಿದೆ, ಆಳುಗಳ ಲೈನ್ ಮನೆಯ ವರ್ಣನೆ ಕಣ್ಣಿಗೆ ಕಟ್ಟುತ್ತದೆ’ ಅಂತಲೂ ಸೇರಿಸಿದ್ದೆ. ಐದು ನಿಮಿಷ ಗುಂಪು ಸ್ತಬ್ಧ. ಆಮೇಲೆ ಒಬ್ಬರು ಕೈಮುಗಿಯುವ ಚಿಹ್ನೆ ಹಾಕಿದರು. ಇನ್ನೊಬ್ಬರು ‘ಬೆಳೆಯುವ ಹುಡುಗರನ್ನು ಚಿವುಟಬೇಡಿ ಸಾರ್’ ಅಂದರು. ಮೂರನೆಯವರು ‘ನೀವು ಯಾವ ಬಣದವರು?’ ಅಂತ ಕೇಳಿದರು. ಸಂಜೆ ಹೊತ್ತಿಗೆ ನಾನು ಗುಂಪಿನಲ್ಲಿರಲಿಲ್ಲ.

ಸಾಮಾಜಿಕ ಕಾದಂಬರಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದನ್ನು ನೀವು ಮೊದಲೇ ಓದಿರುತ್ತೀರಿ. ಸಾಫ್ಟ್‌ವೇರ್ ಹುಡುಗ ಕೆಲಸ ಬಿಟ್ಟು ಊರಿಗೆ ಬರುತ್ತಾನೆ. ಊರು ಮಲೆನಾಡಿನಲ್ಲೇ ಇರುತ್ತದೆ. ಗದಗ, ಕೊಪ್ಪಳದ ಕಡೆಯ ಹುಡುಗರು ಕೆಲಸ ಬಿಡುವುದಿಲ್ಲವೋ ಏನೋ. ಅಟ್ಟ, ಟ್ರಂಕು, ಟ್ರಂಕಿನಲ್ಲಿ ಡೈರಿ. ಅಜ್ಜಿ 180ನೇ ಪುಟದಲ್ಲಿ ತೀರಿಕೊಳ್ಳುತ್ತಾಳೆ. ಆದರೆ ಅದರಲ್ಲಿ ಒಂದು ಜಾಗವಿದೆ. ಮಳೆಗಾಲ, ಬಟ್ಟೆ ಒಣಗುತ್ತಿಲ್ಲ. ಮೊಮ್ಮಗ ಲ್ಯಾಪ್‌ಟಾಪ್ ತೆರೆದಿಟ್ಟು ಎದ್ದು ಹೋಗಿದ್ದಾನೆ. ಅಜ್ಜಿ ಕೈ ಇಟ್ಟು ನೋಡುತ್ತಾಳೆ, ಬೆಚ್ಚಗಿದೆ. ಅವನ ಒದ್ದೆ ಕಾಲುಚೀಲ ಎರಡನ್ನೂ ತಂದು ಕೀಬೋರ್ಡಿನ ಮೇಲೆ ನೀಟಾಗಿ ಹರವಿ, ಲ್ಯಾಪ್‌ಟಾಪ್ ಆರಿಹೋಗದ ಹಾಗೆ ಪಕ್ಕದಲ್ಲಿ ಕಾವಲು ಕೂರುತ್ತಾಳೆ. ಅವನು ಬಂದು ನೋಡಿದರೆ ಪರದೆಯ ತುಂಬ ‘ಕ’ ‘ಕ’ ‘ಕ’. ನಾನು ಪುಸ್ತಕ ಮಡಿಸಿ ಒಬ್ಬನೇ ನಕ್ಕೆ. 41 ಅನಿಸಿಕೆಗಳಲ್ಲಿ ಒಂದರಲ್ಲೂ ಆ ಕಾಲುಚೀಲ ಇಲ್ಲ. ‘ಗ್ರಾಮೀಣ ಬದುಕಿನ ತಲ್ಲಣ’ ಹದಿಮೂರು ಕಡೆ ಇದೆ.

ಎರಡೂ ಪುಸ್ತಕಗಳಿಗೆ ವಾರದಲ್ಲೇ ‘ಮೂರನೇ ಮುದ್ರಣ’ ಅಂತ ಪೋಸ್ಟರ್ ಬಂತು. ಹಿಂದೆ ಮುದ್ರಣ ಅಂದರೆ ಸಾವಿರ ಪ್ರತಿ ಅಂತ ಒಂದು ಅಂದಾಜಿತ್ತು. ಈಗ ಬೇಕಾದಷ್ಟೇ ಒತ್ತಿಸಬಹುದು, ನೂರಕ್ಕೊಂದು ಮುದ್ರಣ ಅಂದರೂ ಕೇಳುವವರಿಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಆಫೀಸಿನವರು ತಲಾ ಒಂದೊಂದು ಕೊಂಡರೆ ಎರಡನೇ ಮುದ್ರಣ. ಮದುವೆಯಾದ ಲೇಖಕನಿಗೆ ಮಾವನ ಮನೆ ಕಡೆಯದು ಮೂರನೆಯದು. ಉಳಿದದ್ದು ಸರ್ಕಾರಿ ಗ್ರಂಥಾಲಯದ ಸಗಟು ಖರೀದಿಗೆ ಕಾಯುತ್ತದೆ. ಅಲ್ಲಿ ಬೆಲೆ ಪುಟದ ಲೆಕ್ಕದಲ್ಲಿ. ನಮ್ಮ ಇನ್ಸ್‌ಪೆಕ್ಟರ್ ಹೆಣ ಬಿಟ್ಟು ನಾಲ್ಕು ಪುಟ ಟೀ ಯಾಕೆ ಕುಡಿದ ಅನ್ನುವುದು ಆಗ ನನಗೆ ಹೊಳೆಯಿತು.

ಆದರೂ ದುಡ್ಡು ಕೊಟ್ಟಿದ್ದೆನಲ್ಲ, ಪತ್ತೇದಾರಿಯನ್ನು ಕೊನೆಯವರೆಗೆ ಓದಿದೆ. ಭಾವನೇ ಕೊಲೆಗಾರ ಅಂತ ಗೊತ್ತಿದ್ದುದರಿಂದ ಅವನ ಮೇಲೆ ಕಣ್ಣಿಟ್ಟೇ ಓದಿದೆ. ಪಾಪ, ಆ ಭಾವ ಬಲು ಸಂಭಾವಿತ. ಹಲಸಿನ ಹಪ್ಪಳ ತಂದರೆ ‘ಓಹೋ, ವಿಷ’ ಅಂದುಕೊಂಡೆ. ಅತ್ತರೆ ‘ನಾಟಕ’ ಅಂದುಕೊಂಡೆ. 200 ಪುಟ ಕಳೆದರೂ ಆಸಾಮಿ ಒಂದು ಸುಳಿವೂ ಬಿಟ್ಟುಕೊಡಲಿಲ್ಲ. ಎಂಥ ಪಾತ್ರ ಕಟ್ಟಿದ್ದಾನಪ್ಪ ಹುಡುಗ ಅಂತ ಮೆಚ್ಚಿಕೊಂಡೆ. 219ನೇ ಪುಟದಲ್ಲಿ ಕೊಲೆಗಾರ ಸಿಕ್ಕಿಬಿದ್ದ. ಭಾವ ಅಲ್ಲ. ಎಸ್ಟೇಟಿನ ರೈಟ್ರು. ಮೊದಲ ಪುಟದಿಂದ ಮೂಲೆಯಲ್ಲಿ ಕೂತು ಆಳುಗಳ ಹಾಜರಿ ಬರೆಯುತ್ತಿದ್ದ ಮನುಷ್ಯ.

ನಿಜಕ್ಕೂ ಬೆಚ್ಚಿಬಿದ್ದೆ. ಎರಡು ಸಲ ತಿರುಗಿಸಿ ಓದಿದೆ. ಮುನ್ನುಡಿ ತೆಗೆದು ನೋಡಿದೆ. ಅಕ್ಕನ ಗಂಡ ಅಂತಲೇ ಇದೆ. ಹಿರಿಯರಿಗೂ ಪುಸ್ತಕ ಹಿಂದಿನ ರಾತ್ರಿಯೇ ಕೈ ಸೇರಿರಬೇಕು.

ಹಿಂಬದಿಯಲ್ಲಿ ‘ನಿಮ್ಮ ಅನಿಸಿಕೆ ತಿಳಿಸಿ’ ಅಂತ ಲೇಖಕನ ಫೋನ್ ನಂಬರ್ ಇತ್ತು. ಮಾಡಿದೆ.

‘ನಿಮ್ಮ ಪುಸ್ತಕ ಓದಿದೆ’ ಅಂದೆ.

‘ಪೂರ್ತಿನಾ ಸಾರ್?’ ದನಿಯಲ್ಲಿ ಗಾಬರಿ.

‘ಪೂರ್ತಿ. ಮುನ್ನುಡಿಯಲ್ಲಿ ಒಂದು ತಪ್ಪಾಗಿದೆಯಲ್ಲ?’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, ‘ಗೊತ್ತು ಸಾರ್. ಪ್ರಿಂಟಾದ ಮೇಲೆ ನೋಡಿದೆ. ಬೇರೆ ಯಾರೂ ಕೇಳಲಿಲ್ಲ. ನಾಲ್ಕನೇ ಮುದ್ರಣದಲ್ಲಿ ಸರಿ ಮಾಡ್ತಿದ್ದೀನಿ.’

‘ಒಳ್ಳೆಯದು. ಮುನ್ನುಡಿ ತಿದ್ದಿಸಿದ್ರಾ?’

‘ಅಯ್ಯೋ, ಅದು ಹೇಗಾಗುತ್ತೆ ಸಾರ್? ಅಷ್ಟು ದೊಡ್ಡವರಿಗೆ ನೀವು ಓದಿಲ್ಲ ಅಂತ ಹೇಳೋಕಾಗುತ್ತಾ?’ ಅಂದ. ‘ಭಾವನ್ನೇ ಕೊಲೆಗಾರ ಮಾಡ್ತಿದ್ದೀನಿ. ರೈಟ್ರು ಬಚಾವ್.’