ಡಬ್ಬಿ ಹೆರೆದ ಬ್ಲೇಡು

ಗದ್ದಕ್ಕೆ ಪಟಿಕದ ಕಲ್ಲು ಒತ್ತಿ ಹಿಡಿದು, ಉಳಿದ ಒಂದೇ ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕಾರಣ, ಒಂದು ಸ್ಟೀಲ್ ಡಬ್ಬಿ.

ನನ್ನ ಬಳಿ ಐದು ಹಳೆಯ ರೇಜರ್‌ಗಳಿವೆ. ಮನೆಯವರ ಲೆಕ್ಕದಲ್ಲಿ ಐದೂ ಗುಜರಿ. ಮುದ್ದಿನದು ಬ್ರೂಕ್ಲಿನ್‌ನ ಅಮೆರಿಕನ್ ಸೇಫ್ಟಿ ರೇಜರ್ ಕಂಪನಿಯ ಎವರ್ ರೆಡಿ. ಸಂಗ್ರಹದ ಹುಚ್ಚಿರುವವರು ಅದನ್ನು ‘1912’ ಎಂದೇ ಕರೆಯುತ್ತಾರೆ. ಅದರ ತಲೆಯನ್ನು ಮುಚ್ಚಳದಂತೆ ಎತ್ತಿ, ಬ್ಲೇಡು ತಳ್ಳಿ ಮುಚ್ಚಬೇಕು. ಕೆನ್ನೆಯ ಮೇಲೆ ಎಳೆದರೆ ದೋಸೆ ಕಾವಲಿ ಕೆರೆದ ಸದ್ದು. ನಾನು ಸೋತದ್ದೇ ಆ ಸದ್ದಿಗೆ.

ನಮ್ಮ ಬೀದಿಯ ಅಂಗಡಿಯಲ್ಲಿ ಸಿಗುವುದು ಎರಡು ಅಲಗಿನ ತೆಳು ಬ್ಲೇಡು, 1904ರಲ್ಲಿ ಜಿಲೆಟ್ ಪೇಟೆಂಟ್ ಪಡೆದ ಜಾತಿಯದು. ನನ್ನ ರೇಜರ್‌ಗೆ ಬೇಕಾದದ್ದು ದಪ್ಪನೆಯದು: ಒಂದೇ ಕಡೆ ಹರಿತ, ಇನ್ನೊಂದು ಕಡೆ ಉಕ್ಕಿನ ಬೆನ್ನು. ಅದನ್ನು ಅಮೆರಿಕದಲ್ಲಿರುವ ಭಾವಮೈದುನ ಊರಿಗೆ ಬರುವಾಗ ತರಬೇಕು. ಹತ್ತರ ಒಂದು ಪೊಟ್ಟಣವನ್ನು ಪ್ರಸಾದದಂತೆ ಬಳಸುತ್ತೇನೆ.

ಆ ಬೆನ್ನೇ ನನಗೆ ಮುಳುವಾಯಿತು. ಅಲ್ಲಿ ಹಿಡಿದರೆ ಬೆರಳು ಕುಯ್ಯುವುದಿಲ್ಲ ಎಂದು ನನ್ನಾಕೆ ಕಂಡುಕೊಂಡಳು. ಹೊಸ ಪಾತ್ರೆಯ ಬೆಲೆಚೀಟಿ ನಿಮಗೂ ಗೊತ್ತು. ಉಗುರು, ಬಿಸಿನೀರು, ಕೊಬ್ಬರಿ ಎಣ್ಣೆ, ಯಾವುದಕ್ಕೂ ಬಗ್ಗುವುದಿಲ್ಲ. ನನ್ನ ಬ್ಲೇಡಿಗೆ ಬಗ್ಗಿತು! “ರೀ, ಎಷ್ಟು ಒಳ್ಳೆಯ ಬ್ಲೇಡು! ಪಕ್ಕದ ಮನೆಯವರಿಗೂ ಎರಡು ಕೊಟ್ಟೆ” ಎಂದಳು. ಕದ್ದು ಬಳಸಿದರೆ ಕ್ಷಮಿಸಬಹುದಿತ್ತು. ಇವಳು ಕೆಲಸ ಮುಗಿಸಿ, ತೊಳೆದು, ಮತ್ತೆ ರೇಜರ್‌ನೊಳಗೇ ಇಡುತ್ತಾಳೆ. ಕೇಳಿದರೆ, “ತೊಳೆದಿದ್ದೇನಲ್ಲ!”

ಇಂದು ಬೆಳಿಗ್ಗೆ ಗದ್ದದ ತಿರುವಿನಲ್ಲಿ ರೇಜರ್ ಗಕ್ಕನೆ ನಿಂತಿತು. ಜಗ್ಗಿದೆ. ನೊರೆ ಕೆಂಪಾಯಿತು. ಒರೆಸಿ ನೋಡಿದರೆ ಗದ್ದಕ್ಕೆ ಒಂದು ಚೀಟಿಯ ಚೂರು ಅಂಟಿತ್ತು: ‘ರೂ. 349’ರಲ್ಲಿ ಮೂರು ಹರಿದುಹೋಗಿ, ಉಳಿದದ್ದು 49. ಮೂರನ್ನು ಹುಡುಕುತ್ತಿದ್ದೆ. ಇಣುಕಿದ ನನ್ನಾಕೆ, “ಈ ವಯಸ್ಸಿಗೆ ಅದೇ ಹೆಚ್ಚು” ಎಂದು ಹೋದಳು.

ಅಪ್ಪ ಜಗಲಿಯಲ್ಲಿ ಕೂತು, ಕಿಟಕಿ ಸರಳಿಗೆ ಕನ್ನಡಿ ಸಿಕ್ಕಿಸಿ ಕ್ಷೌರ ಮಾಡಿಕೊಳ್ಳುವಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಬ್ಲೇಡು ಮೊಂಡಾದ ಮೇಲೆ ಎರಡಾಗಿ ಮುರಿದು, ನಮ್ಮ ಪೆನ್ಸಿಲ್ ಹೆರೆಯಲು ಕೊಡುತ್ತಿದ್ದರು. ಮೊದಲು ಮುಖ, ಆಮೇಲೆ ಪೆನ್ಸಿಲ್. ಆ ಸರದಿ ಯಾವಾಗ ತಿರುಗುಮುರುಗಾಯಿತೋ!

ನಾದಿನಿಯ ಗೃಹಪ್ರವೇಶಕ್ಕೆಂದು ಹದಿನಾರು ಡಬ್ಬಿಗಳು ಬಂದಿವೆ. ಉಳಿದ ಮೂರು ಬ್ಲೇಡುಗಳನ್ನು ದೇವರ ಪಟದ ಹಿಂದೆ ಬಚ್ಚಿಟ್ಟಿದ್ದೇನೆ. ನಾಳೆ ಶುಕ್ರವಾರ, ಅವಳು ಪಟ ಒರೆಸುವ ದಿನ ಎಂಬುದು ಈಗಷ್ಟೇ ನೆನಪಾಯಿತು.